ಹರಿದ ಸೀರೆಗೆ ಇಸ್ತ್ರಿ

ಶೇಖಮ್ಮ ನಮ್ಮ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವಳು. ನಾನು ಅದೇ ಶಾಲೆಯ ಮುಖ್ಯಗುರು. ಇಬ್ಬರಲ್ಲಿ ನಿಜವಾಗಿ ಯಾರು ಮುಖ್ಯ ಎಂದು ನಮ್ಮ ನೂರಾ ನಲವತ್ತು ಮಕ್ಕಳನ್ನು ಕೇಳಿದರೆ ನನ್ನ ಮಾನ ಉಳಿಯುವುದಿಲ್ಲ, ಆದ್ದರಿಂದ ಕೇಳಿಲ್ಲ. ಊರು ರಾಯಚೂರಿನಿಂದ ಕಲ್ಮಲ ದಾಟಿದ ಮೇಲೆ ಸಿಗುತ್ತದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಊರಿನವರಿಗೆ ಬೇಸರವಾಗುತ್ತದೆ, ಬೇಸರವಾದರೆ ನನ್ನ ವರ್ಗಾವಣೆಗೆ ಓಡಾಡುತ್ತಾರೆ. ನಿವೃತ್ತಿಗೆ ಮೂರು ವರ್ಷ ಉಳಿದಿರುವ ಮನುಷ್ಯ ಅಷ್ಟೆಲ್ಲ ಧೈರ್ಯ ಮಾಡಬಾರದು.

ಶೇಖಮ್ಮನ ತವರು ಮಾನ್ವಿ ತಾಲೂಕಿನ ಬಾಗಲವಾಡ. ಗಂಡ ಅಯ್ಯಪ್ಪ ಕಾಲುವೆಯ ಹೂಳು ತೆಗೆಯುವ ಕೂಲಿಗೆ ಹೋಗುತ್ತಿದ್ದ. ಮಗಳು ಶಶಿಕಲಾ ಮೂರನೆಯ ತರಗತಿಯಲ್ಲಿದ್ದಾಗ ಕಾಮಾಲೆಯಾಗಿ ತೀರಿಕೊಂಡ. ಶೇಖಮ್ಮ ಹತ್ತಿ ಬಿಡಿಸಿದಳು, ಮೆಣಸಿನಕಾಯಿ ಹರಿದಳು, ಮಗಳನ್ನು ಓದಿಸಿದಳು. ಶಶಿಕಲಾ ಈಗ ಮಾನ್ವಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಇಷ್ಟನ್ನು ಬರೆಯಲು ನನಗೆ ಐದು ನಿಮಿಷ ಸಾಕಾಯಿತು, ಬದುಕಲು ಆಕೆಗೆ ಇಪ್ಪತ್ತು ವರ್ಷ ಹಿಡಿಯಿತು.

ಹದಿನಾಲ್ಕು ವರ್ಷದ ಹಿಂದೆ ಆಕೆ ಮೊದಲ ಸಲ ನಮ್ಮ ಅಡುಗೆ ಕೋಣೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಆಗ ನಾನು ಇಲ್ಲೇ ಸಹಶಿಕ್ಷಕ. ಅನ್ನ ಸಾರು ತಯಾರಾಯಿತು, ಗಂಟೆ ಹೊಡೆದೆವು. ಉಂಡವರು ಮೂವತ್ತೇಳು ಮಕ್ಕಳು, ಎಲ್ಲರೂ ಆಕೆಯ ಕೇರಿಯವರು. ಉಳಿದ ನೂರು ಮಕ್ಕಳು ಪಾಟಿಚೀಲ ಹಿಡಿದು ಮನೆಗೆ ನಡೆದರು. ಜಾತಿಯ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ನಮ್ಮ ಹುಡುಗನಿಗೆ ಶಾಲೆಯ ಅನ್ನ ಸೇರುವುದಿಲ್ಲ ಎಂದರು, ನಮ್ಮ ಹುಡುಗಿಗೆ ಬೇಳೆ ಕಂಡರೆ ವಾಯು ಎಂದರು. ಒಂದೇ ದಿನದಲ್ಲಿ ನೂರು ಮಕ್ಕಳ ಹೊಟ್ಟೆ ಕೆಟ್ಟ ಊರು ಜಗತ್ತಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ. ನಾನೇನು ದೊಡ್ಡ ಸತ್ಯವಂತನಲ್ಲ; ಆ ದಿನ ತಾಟು ಹಿಡಿದುಕೊಳ್ಳುವಾಗ ನನ್ನ ಕೈಯೂ ಒಂದು ಗಳಿಗೆ ತಡವರಿಸಿತ್ತು.

ಕಾನೂನು ಆಕೆಯ ಕಡೆಗಿತ್ತು. ಆದರೆ ಕಾನೂನಿಗಿಂತ ಬೆಳ್ಳುಳ್ಳಿ ಒಗ್ಗರಣೆ ಬೇಗ ಕೆಲಸ ಮಾಡಿತು. ಮೊದಲು ಹಿಂದಿನ ಬೆಂಚಿನವರು ಬಂದರು, ಆಮೇಲೆ ಅವರ ತಂಗಿಯರು. ಎರಡು ವರ್ಷದ ಕೊನೆಗೆ ಶರಣಮ್ಮನ ಮನೆಯ ಹಿರಿ ಮಗಳೂ ಬಂದು ಸಾಲಿನಲ್ಲಿ ಕುಳಿತಳು. ಶರಣಮ್ಮ ಊರ ಮೇಲಿನ ಓಣಿಯ ದೊಡ್ಡ ಮನೆಯ ಸೊಸೆ, ಈಗ ಶಾಲಾ ಸಮಿತಿಯ ಅಧ್ಯಕ್ಷೆ. ಆಕೆ ವಾರಕ್ಕೊಮ್ಮೆ ಗೇಟಿನ ಹತ್ತಿರ ನಿಂತು ಶೇಖಮ್ಮನ ಜೊತೆ ಜಗಳ ತೆಗೆಯುವುದು ರೂಢಿ. ಅನ್ನದಲ್ಲಿ ಕಲ್ಲು ಬಂತು, ಸಾರಿನಲ್ಲಿ ಬೇಳೆ ಇಲ್ಲ, ಉಪ್ಪಿಟ್ಟು ಮುದ್ದೆಯಾಗಿದೆ ಎಂದು ಈಕೆ ಅಂದರೆ, ನಿಮ್ಮ ಮನೆಯ ಅಕ್ಕಿಯನ್ನು ಆರಿಸಿ ಕಳುಹಿಸಿರಿ ಎಂದು ಶೇಖಮ್ಮ ಅನ್ನುವಳು. ಮಕ್ಕಳು ಮಾತ್ರ ಉಣ್ಣುತ್ತಲೇ ಇದ್ದರು.

ಶೇಖಮ್ಮನಿಗೆ ಒಂದು ನೇಮವಿತ್ತು. ಇಸ್ತ್ರಿ ಇಲ್ಲದ ಸೀರೆ ಉಟ್ಟು ಒಲೆಯ ಮುಂದೆ ನಿಲ್ಲುವವಳಲ್ಲ. ಹೊಗೆಯೊಳಗೆ, ಎಣ್ಣೆಯೊಳಗೆ, ಮಾರ್ಚ್ ತಿಂಗಳ ಕಾದ ತಗಡಿನ ಕೆಳಗೆ ದುಡಿಯುವವಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ ಯಾತಕ್ಕೆ ಎಂದು ನಾನೊಮ್ಮೆ ಚೇಷ್ಟೆ ಮಾಡಿದ್ದೆ. ಆಕೆ ನಗಲಿಲ್ಲ.

"ನಮ್ಮಂಥೋರ ಅಡಿಗಿನ ಮಂದಿ ಬಾಯಾಗ ಹಾಕ್ಕೊಂಡು ನೋಡಾಂಗಿಲ್ರಿ ಸರ," ಎಂದಳು. "ಮೊದ್ಲು ಅರಿವಿ ನೋಡ್ತಾರ, ಆಮ್ಯಾಲೆ ಕೈ ನೋಡ್ತಾರ, ಆಮ್ಯಾಲೆ ಉಣ್ತಾರ."

ಇಂಥವಳ ಮನೆಗೆ ಸಿನಿಮಾದವರನ್ನು ಕರೆದುಕೊಂಡು ಹೋದ ಮಹಾನುಭಾವ ನಾನೇ.

ನಿರ್ದೇಶಕರು ಬೆಂಗಳೂರಿನವರು. ಖಾದಿ ಜುಬ್ಬಾ, ಮೆಲು ಮಾತು, ಕಂಡ ಹೆಂಗಸರಿಗೆಲ್ಲ 'ಅಮ್ಮ'. ಕೆಟ್ಟ ಮನುಷ್ಯರಲ್ಲ; ಕೆಟ್ಟವರಾಗಿದ್ದರೆ ನಾನು ಹುಷಾರಾಗಿರುತ್ತಿದ್ದೆ. ಶೋಷಿತರ ಬಗ್ಗೆ ಒಂದು ಚಿತ್ರ ಮಾಡಬೇಕೆಂದು ಮೊದಲು ನಮ್ಮ ದೇವದುರ್ಗದ ಕಡೆ ಹದಿನೈದು ದಿನ ತಿರುಗಿದ್ದರಂತೆ. ಪುಸ್ತಕದಲ್ಲಿ ಓದಿದಂಥ ಬಡತನ ಸಿಗಲಿಲ್ಲ. ಒಂದು ಹಟ್ಟಿಯಲ್ಲಿ ಸೋರುವ ಗುಡಿಸಲಿದೆ ಎಂದು ಕೇಳಿ ಹೋದರೆ, ಅದರ ಮೇಲೆ ಡಿಶ್ ಟಿವಿಯ ತಟ್ಟೆ, ಒಳಗೆ ಡಿ.ಎಡ್. ಓದುವ ಹುಡುಗಿ. ಬಡತನ ಇತ್ತು, ಆದರೆ ಅದಕ್ಕೆ ತಲೆ ಬಾಚಿಕೊಳ್ಳುವ ಚಟ. ಅದು ಕ್ಯಾಮೆರಾಕ್ಕೆ ಬರುವುದಿಲ್ಲ ಎಂದು ಅವರು ನೊಂದುಕೊಂಡು ಹೇಳಿದರು. ಯಾರೋ ನನ್ನ ಹೆಸರು ಕೊಟ್ಟಿದ್ದರು. ನಾನು ಶೇಖಮ್ಮನ ಕಥೆ ಹೇಳಿದೆ. ನೂರು ಮಕ್ಕಳು ಎದ್ದು ಹೋದರು ಎನ್ನುವಾಗ ಅವರ ಕಣ್ಣಲ್ಲಿ ನೀರು ಬಂತು. ನನ್ನನ್ನು ಅಲ್ಲೇ ಚಿತ್ರದ ಭಾಷಾ ಸಲಹೆಗಾರನನ್ನಾಗಿ ಮಾಡಿದರು. ತೆರೆಯ ಮೇಲೆ ಹೆಸರು ಬರುತ್ತದೆ ಎಂದಾಗ ನಾನು ಎಷ್ಟು ಉಬ್ಬಿದೆನೆಂದರೆ, ಅಂಗಿಯ ಗುಂಡಿ ಹರಿಯದಿದ್ದುದೇ ಪುಣ್ಯ.

ಶೇಖಮ್ಮ ಸುಲಭಕ್ಕೆ ಒಪ್ಪಲಿಲ್ಲ. ಅಡುಗೆಯ ವಿಷಯ ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ, ಕೊನೆಗೆ ಎಲ್ಲ ಮಕ್ಕಳೂ ಸಾಲಾಗಿ ಕುಳಿತು ನಿಮ್ಮ ಕೈ ಅಡುಗೆ ಉಣ್ಣುವುದೇ ಚಿತ್ರದ ಮುಕ್ತಾಯ ಎಂದರು ನಿರ್ದೇಶಕರು. ಆ ಒಂದು ಮಾತಿಗೆ ಆಕೆ ತಲೆಯಾಡಿಸಿದಳು. ಊರೂರಿನ ಶಾಲೆಗಳಲ್ಲಿ ತನ್ನಂಥ ಅಡುಗೆಯವರಿದ್ದಾರೆ, ಅವರ ಊರಿನವರೂ ನೋಡಲಿ ಎಂಬುದು ಆಕೆಯ ಲೆಕ್ಕ.

ಬೇಸಿಗೆ ರಜೆಯಲ್ಲಿ ಚಿತ್ರೀಕರಣ ಶುರುವಾಯಿತು. ಮೊದಲ ತಕರಾರು ಮನೆಯದು. ಶೇಖಮ್ಮನ ಮನೆ ಎರಡು ಕೋಣೆಯದು, ನೆಲಕ್ಕೆ ಟೈಲ್ಸ್, ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು, ಕೆಳಗೆ ಶಶಿಕಲಾಳ ಪದವಿ ಪ್ರಮಾಣಪತ್ರ, ಮೂಲೆಯಲ್ಲಿ ಮಗಳು ಕೊಡಿಸಿದ ಫ್ರಿಜ್ಜು. ನಿರ್ದೇಶಕರು ಸುತ್ತ ನೋಡಿ, ಮನೆ ಬಹಳ ಚೆನ್ನಾಗಿದೆ ಎಂದು ಹೇಳಿ ನಿಟ್ಟುಸಿರುಬಿಟ್ಟರು. ಕೊನೆಗೆ ಅವರಿಗೆ ಹಿಡಿಸಿದ್ದು ಶರಣಮ್ಮನ ಎಮ್ಮೆ ಕೊಟ್ಟಿಗೆ. ಎಮ್ಮೆಗಳನ್ನು ಹೊರಗೆ ಕಟ್ಟಿ, ಎರಡು ಒಡಕು ಮಡಕೆ ಇಟ್ಟು, ಅದನ್ನೇ ಶೇಖಮ್ಮನ ಮನೆ ಮಾಡಿದರು. ಇಪ್ಪತ್ತು ದಿನಕ್ಕೆ ಕೊಟ್ಟಿಗೆಗೆ ಸಿಕ್ಕ ಬಾಡಿಗೆ ಶೇಖಮ್ಮನ ನಾಲ್ಕು ತಿಂಗಳ ಸಂಬಳಕ್ಕಿಂತ ಹೆಚ್ಚು. ಶೋಷಿತರ ಚಿತ್ರದಿಂದ ಊರಲ್ಲಿ ಮೊದಲು ಉದ್ಧಾರವಾದವಳು ಶರಣಮ್ಮ.

ಮೊದಲ ವಾರ ಶೇಖಮ್ಮ ತನ್ನದೇ ಹಳೆಯ ಹೊಲದ ಸೀರೆ ಉಟ್ಟು ನಟಿಸಿದಳು. ಅದು ಬಣ್ಣ ಹೋದ ಸೀರೆ, ಆದರೆ ಅದಕ್ಕೂ ಇಸ್ತ್ರಿ. ನಿರ್ದೇಶಕರು ಬೆಂಗಳೂರಿಗೆ ಫೋನು ಮಾಡಿದರು. ಶನಿವಾರ ವ್ಯಾನಿನಲ್ಲಿ ಬಟ್ಟೆಯ ಎರಡು ದೊಡ್ಡ ಗಂಟು ಬಂದವು. ಅವುಗಳನ್ನು ಶೇಖಮ್ಮನ ಮನೆಯಲ್ಲಿಟ್ಟು, ಭಾನುವಾರ ರಜೆಯೆಂದು ಎಲ್ಲರೂ ರಾಯಚೂರಿನ ಲಾಡ್ಜಿಗೆ ಹೋದರು.

ಶೇಖಮ್ಮ ಭಾನುವಾರ ಬೆಳಿಗ್ಗೆ ಗಂಟು ಬಿಚ್ಚಿ ನೋಡಿದಳು. ಹದಿನೆಂಟು ಸೀರೆ, ಹತ್ತು ಅಂಗಿ. ಎಲ್ಲವೂ ಹರಿದಿವೆ, ಎಲ್ಲದಕ್ಕೂ ಮಣ್ಣು ಮೆತ್ತಿದೆ. ಆಕೆಯ ಎದೆ ಒಡೆಯಿತು. ಇಷ್ಟು ದೂರದಿಂದ ಪಾಪ ಬಟ್ಟೆ ತರಿಸಿದ್ದಾರೆ, ದಾರಿಯಲ್ಲಿ ಯಾವುದೋ ಗೋದಾಮಿನಲ್ಲಿ ಇಲಿ ಕಡಿದಿವೆ, ನಾಳೆ ನೋಡಿದರೆ ಎಷ್ಟು ನೊಂದುಕೊಂಡಾರು. ಮೇಲಾಗಿ ಗಂಟು ಇದ್ದುದು ತನ್ನ ಮನೆಯಲ್ಲಿ. ನಾಳೆ ಇಲಿಯ ಹೆಸರು ತನ್ನ ಮನೆಗೆ ಅಂಟಿದರೆ? ಅಡುಗೆಯವಳ ಮನೆಯಲ್ಲಿ ಇಲಿ ಎಂದರೆ ಮುಗಿಯಿತು.

ಪಕ್ಕದ ಮನೆಯವಳೂ ಶಾಲೆಯ ಅಡುಗೆಗೆ ಸಹಾಯಕಿಯೂ ಆದ ಬಾಲಮ್ಮನನ್ನೂ ಟೇಲರ್ ನಾಗರತ್ನಾಳನ್ನೂ ಕರೆದಳು. ಮೂವರೂ ಸೇರಿ ಅಷ್ಟೂ ಬಟ್ಟೆಯನ್ನು ಸೋಡಾ ಹಾಕಿ ಕುದಿಸಿ ಒಗೆದರು. ನಾಗರತ್ನಾ ಹರಿದಲ್ಲೆಲ್ಲ ಅದೇ ಬಣ್ಣದ ದಾರ ಹುಡುಕಿ ರಫೂ ಮಾಡಿದಳು, ದೊಡ್ಡ ತೂತಿಗೆ ಒಳಗಿನಿಂದ ತೇಪೆ ಹಾಕಿದಳು. ಬಾಲಮ್ಮ ಗಂಜಿ ಹಾಕಿದಳು. ಸಂಜೆಯೊಳಗೆ ಶೇಖಮ್ಮ ಎಲ್ಲದಕ್ಕೂ ಇಸ್ತ್ರಿ ಮಾಡಿ, ಮಡಿಕೆ ಮುರಿಯದಂತೆ ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟಳು. ಆ ಬಿಸಿಲಿನಲ್ಲಿ ಬಟ್ಟೆ ಒಣಗುವುದಕ್ಕೆ ಹತ್ತು ನಿಮಿಷ ಕೂಡ ಬೇಕಾಗಿರಲಿಲ್ಲ.

ಸೋಮವಾರ ವಸ್ತ್ರವಿನ್ಯಾಸದ ಹುಡುಗಿ ಪತ್ರಿಕೆ ಬಿಚ್ಚಿ ನೋಡಿದವಳು ಕಟ್ಟೆಯ ಮೇಲೆ ಕುಸಿದು ಕುಳಿತು ಅಳತೊಡಗಿದಳು. ಹೊಸ ಸೀರೆಗಳನ್ನು ಕೊಂಡು, ಚಹಾ ಡಿಕಾಕ್ಷನ್ನಿನಲ್ಲಿ ನೆನೆಸಿ, ಬ್ಲೇಡಿನಿಂದ ಹರಿದು, ಉಪ್ಪು ಕಾಗದದಿಂದ ಉಜ್ಜಿ, ಮಣ್ಣು ತಿಕ್ಕಿ ಬಡತನ ತಯಾರಿಸಲು ಆಕೆಗೆ ಒಂದು ತಿಂಗಳು ಹಿಡಿದಿತ್ತು. ನಮ್ಮವರು ಅದನ್ನು ಒಂದೇ ಭಾನುವಾರ ನಿರ್ಮೂಲನ ಮಾಡಿದ್ದರು. ಯಾವ ಸರ್ಕಾರವೂ ಇಷ್ಟು ಬೇಗ ಮಾಡಿದ್ದು ನಾನು ಕಂಡಿಲ್ಲ. ಹುಡುಗಿ ಅಳುತ್ತಾ ಅಳುತ್ತಾ ಒಂದು ಸೀರೆಯನ್ನು ಬೆಳಕಿಗೆ ಹಿಡಿದು, ಹರಿದದ್ದು ಎಲ್ಲಿತ್ತೆಂದು ಹುಡುಕಿದಳು. ಸಿಗಲಿಲ್ಲ.

"ನೀವು ನಂಬಿ ಇಟ್ಟು ಹೋದ ಅರಿವಿನ ಹರಕ ಇದ್ದಂಗನ ಕೊಟ್ರ ನಮ್ಮ ಮನಿ ಮರ್ಯಾದಿ ಏನಾಗಬೇಕವ್ವಾ?" ಎಂದು ಶೇಖಮ್ಮ ಆಕೆಯ ಬೆನ್ನು ಸವರಿದಳು. ಬೇಕೆಂದೇ ಹರಿದದ್ದು ಎಂದು ನಾನು ತಿಳಿಸಿ ಹೇಳಿದಾಗ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ನಾನು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿರಬೇಕು.

ಎರಡು ದಿನ ಚಿತ್ರೀಕರಣ ನಿಂತಿತು. ಐದಾರು ಜನ ಕುಳಿತು ಸೀರೆಗಳನ್ನು ಮತ್ತೆ ಹರಿದರು. ಮೂರನೆಯ ದಿನ ಬಂದದ್ದು ಆ ದೃಶ್ಯ. ಮೇಲಿನ ಓಣಿಯಲ್ಲಿ ಮದುವೆ. ಊಟವಾದ ಮೇಲೆ ಹೊರಗೆ ಬಿಸಾಡಿದ ಎಂಜಲೆಲೆಗಳಿಂದ ತಾಯಿ ಅನ್ನ ಬಳಿದು ಸೆರಗಿಗೆ ಹಾಕಿಕೊಳ್ಳಬೇಕು, ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ತಿನ್ನಬೇಕು. ಶೇಖಮ್ಮ ಹರಿದ ಸೀರೆ ಉಟ್ಟು ಬಂದವಳು ಎಲೆಗಳನ್ನು ಕಂಡು ನಿಂತುಬಿಟ್ಟಳು. ಇದು ತನ್ನ ಕಥೆಯಲ್ಲಿ ಇಲ್ಲವಲ್ಲ ಎಂದಳು. ನಿಮ್ಮೊಬ್ಬರ ಕಥೆ ಅಲ್ಲ ಅಮ್ಮ, ಇಡೀ ಸಮುದಾಯದ ಕಥೆ, ಇದನ್ನು ನೋಡಿ ಸಮಾಜಕ್ಕೆ ನಾಚಿಕೆಯಾಗಬೇಕು ಎಂದು ನಿರ್ದೇಶಕರು ಕೈಮುಗಿದರು.

"ನಾಚಿಕಿ ಅವರಿಗೆ ಬರಬೇಕಂದ್ರ ಸೀರಿ ನಂದ್ಯಾಕ ಹರಿಬೇಕ್ರಿ?" ಎಂದಳು ಶೇಖಮ್ಮ. "ಸಾಲಿ ಸುರು ಆದ ಮ್ಯಾಲೆ ನಾ ಇದೇ ಕೈಲೆ ಬಡಸಬೇಕು. ಎಂಜಲ ಬಳದ ಕೈ ಅಂತ ಒಮ್ಮಿ ಕಣ್ಣಿಗೆ ಬಿದ್ರ, ಯಾವ ತಾಯಿ ಮಗೀಗೆ ತಾಟು ಕೊಟ್ಟು ಕಳಸ್ತಾಳ್ರಿ?"

ಅಲ್ಲಿ ನೆರೆದಿದ್ದವರಲ್ಲಿ ಉತ್ತರ ಕೊಡಬೇಕಾದವನು ನಾನು. ನಾನು ಭಾಷಾ ಸಲಹೆಗಾರನಾದ್ದರಿಂದ, 'ಬಡಸಬೇಕು' ಎಂದರೆ 'ಬಡಿಸಬೇಕು' ಎಂದು ನಿರ್ದೇಶಕರಿಗೆ ವಿವರಿಸಿದೆ. ಅವರು ಒತ್ತಾಯ ಮಾಡಲಿಲ್ಲ, ನಿಮ್ಮ ಇಚ್ಛೆ ಅಮ್ಮ ಎಂದರು. ಮುಂದೆ ಎರಡು ದಿನ ಶಾಲೆಯ ಅಂಗಳದಲ್ಲಿ ಮಕ್ಕಳನ್ನೆಲ್ಲ ಕೂರಿಸಿ, ಆಕೆ ಅಡುಗೆ ಮಾಡಿ ಬಡಿಸುವುದನ್ನು ಪ್ರೀತಿಯಿಂದ ಚಿತ್ರೀಕರಿಸಿ ಊರಿಗೆ ಹೋದರು.

ಜನವರಿಯಲ್ಲಿ ಚಿತ್ರ ಬಂತು. ಹೆಸರಿನಲ್ಲಿ ಒಂದೇ ಪದ, ಅದರ ಮುಂದೆ ಮೂರು ಚುಕ್ಕೆ. ಅಷ್ಟರಲ್ಲಾಗಲೇ ಪರದೇಶದಲ್ಲಿ ಎರಡು ಬಹುಮಾನ ಪಡೆದಿತ್ತು. ರಾಯಚೂರಿನ ಒಂದು ಸಭಾಂಗಣದಲ್ಲಿ ಉಚಿತ ಪ್ರದರ್ಶನ. ಊರಿನಿಂದ ಎರಡು ಟ್ರ್ಯಾಕ್ಸ್ ತುಂಬಿ ಹೋದೆವು. ಶೇಖಮ್ಮ ನೀಲಿ ಇಳಕಲ್ ಸೀರೆ ಉಟ್ಟು ಮೂರನೆಯ ಸಾಲಿನಲ್ಲಿ ನನ್ನ ಪಕ್ಕ ಕುಳಿತಳು. ಮಾನ್ವಿಯಿಂದ ಶಶಿಕಲಾ ಬಂದು ಆಚೆ ಬದಿಗೆ ಕುಳಿತಳು. ತೆರೆಯ ಮೇಲೆ ಶೇಖಮ್ಮನ ಮುಖ ಬಂದಾಗ ನಮ್ಮೂರಿನವರು ಸಿಳ್ಳೆ ಹೊಡೆದರು. ಅರ್ಧ ಚಿತ್ರಕ್ಕೆ ಆಕೆಯ ಮಗಳು ಶಾಲೆ ಬಿಟ್ಟು ಬಾವಿಗೆ ಹಾರಿದಳು. ತನ್ನನ್ನು ಯಾವಾಗ ಸಾಯಿಸಿದಿರಿ ಎಂದು ಶಶಿಕಲಾ ನನ್ನ ಕಡೆ ಬಾಗಿ ಕೇಳಿದಳು. ಕಥೆಗೆ ಬೇಕಾಗಿತ್ತೇನೋ ಎಂದೆ.

ಆಮೇಲೆ ಮದುವೆ ಬಂತು. ಎಂಜಲೆಲೆಗಳು ಬಂದವು. ಹರಿದ ಸೀರೆ ಉಟ್ಟ ಹೆಂಗಸೊಬ್ಬಳು ನಮಗೆ ಬೆನ್ನು ಮಾಡಿ ಕುಳಿತು ಅನ್ನ ಬಳಿಯುತ್ತಿದ್ದಳು. ಶೇಖಮ್ಮ ಉಟ್ಟದ್ದೇ ಸೀರೆ, ಆಕೆಯಂಥದೇ ತುರುಬು. ಬಳಿದಳು, ಬಾಯಿಗೆ ಹಾಕಿಕೊಂಡಳು. ಮುಂದಿನ ಕ್ಷಣವೇ ತೆರೆಯ ತುಂಬ ಶೇಖಮ್ಮನ ಮುಖ, ಕಣ್ಣಲ್ಲಿ ನೀರು. ಅದು ಕೊಟ್ಟಿಗೆಯ ಹೊಗೆಗೆ ಬಂದ ನೀರು, ಬೇರೆ ದಿನ ತೆಗೆದದ್ದು ಎಂದು ನನಗೆ ಗೊತ್ತು. ಸಭಾಂಗಣಕ್ಕೆ ಗೊತ್ತಿಲ್ಲ. ಸುತ್ತ ಬಿಕ್ಕುವ ಸದ್ದು. ಶರಣಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು.

"ಸರ, ಆ ಬೆನ್ನು ನಂದಲ್ರಿ," ಎಂದಳು ಶೇಖಮ್ಮ.

ಆಕೆ ಒಲ್ಲೆನೆಂದ ದೃಶ್ಯಕ್ಕೆ ಅದೇ ಸೀರೆ ಉಡಿಸಿ ಬೇರೆ ಯಾರನ್ನೋ ಕೂರಿಸಿದ್ದರು. ಚಿತ್ರ ಬಾವಿಯ ನೀರಿನ ಮೇಲೆ ಮುಗಿಯಿತು; ಮಕ್ಕಳು ಸಾಲಾಗಿ ಉಣ್ಣುವ ದೃಶ್ಯ ಬರಲೇ ಇಲ್ಲ. ಹೊರಗೆ ನಿರ್ದೇಶಕರನ್ನು ಕೇಳಿದೆ. ಆ ಮುಕ್ತಾಯ ತುಂಬ ಆಶಾವಾದಿಯಾಯಿತು, ಹೊರಗಿನವರು ನಂಬುವುದಿಲ್ಲ ಸರ್ ಎಂದರು. ನಡೆದದ್ದನ್ನು ನಂಬುವುದಿಲ್ಲ, ನಡೆಯದ್ದನ್ನು ನಂಬಿ ಬಹುಮಾನ ಕೊಡುತ್ತಾರೆ. ನಾವು ಮಾತಾಡುತ್ತಿರುವಾಗಲೇ ಪಟ್ಟಣದ ಹೆಂಗಸೊಬ್ಬಳು ಶೇಖಮ್ಮನ ಇಳಕಲ್ ಸೀರೆಯನ್ನು ಕಂಡೂ ಕಾಣದಂತೆ, ಆಕೆಯ ಅಂಗೈಗೆ ನೂರರ ನೋಟು ಒತ್ತಿ ಕಣ್ಣೊರೆಸಿಕೊಂಡು ಹೋದಳು. ಅಂದಹಾಗೆ ನನ್ನ ಹೆಸರೂ ತೆರೆಯ ಮೇಲೆ ಬಂತು. ಓದುವಷ್ಟರಲ್ಲಿ ಮೇಲೆ ಹೋಯಿತು.

ಊರಿಗೆ ಬಂದ ಮೇಲೆ ಕನಿಕರ ಶುರುವಾಯಿತು. ಹಬ್ಬದ ಮರುದಿನ ಮೇಲಿನ ಓಣಿಯಿಂದ ಶೇಖಮ್ಮನ ಮನೆಗೆ ಹಿಂದಿನ ದಿನದ ಹೋಳಿಗೆ ಬಂದವು. ಹಳೆಯ ಸೀರೆಗಳು ಬಂದವು, ಒಂದೆರಡು ನಿಜವಾಗಿಯೇ ಹರಿದವು. ಹನ್ನೆರಡು ವರ್ಷ ಆಕೆಯ ಅಡುಗೆ ಉಂಡ ಮನೆಗಳವರು ಈಗ ಆಕೆಗೆ ಉಣ್ಣಲು ಕೊಡುತ್ತಿದ್ದರು. ಕೊಡುವವರ ಮುಖದಲ್ಲಿ ಎಂಥ ತೃಪ್ತಿ. ಜೊತೆಗೆ ಇನ್ನೊಂದೂ ಶುರುವಾಯಿತು. ಶರಣಮ್ಮನ ಕಿರಿ ಮಗಳು, ಐದನೆಯ ತರಗತಿಯ ಭಾಗ್ಯಜ್ಯೋತಿ, ಒಂದು ದಿನ ಮನೆಯಿಂದ ಡಬ್ಬಿ ತಂದಳು. ಯಾಕೆಂದು ಕೇಳಿದರೆ, ಶೇಖಮ್ಮಾಯಿಗೆ ತ್ರಾಸು ಕೊಡಬಾರದಂತೆ ಎಂದಳು. ಮರುದಿನ ಹನ್ನೊಂದು ಡಬ್ಬಿ. ವಾರದೊಳಗೆ ನಲವತ್ತು. ಜಾತಿಯ ಮಾತನ್ನು ಈಗಲೂ ಯಾರೂ ಆಡಲಿಲ್ಲ. ಮೊದಲಾದರೂ ಹೊಟ್ಟೆನೋವಿನ ನೆಪ ಹೇಳುವಾಗ ಕಣ್ಣು ತಪ್ಪಿಸುತ್ತಿದ್ದರು, ಈಗ ಕಣ್ಣಲ್ಲಿ ಕಣ್ಣಿಟ್ಟು 'ಪಾಪ' ಅನ್ನುತ್ತಿದ್ದರು. ಪಾಪ ಎನ್ನುವವರ ಮೇಲೆ ಯಾವ ಠಾಣೆಯಲ್ಲಿ ದೂರು ಕೊಡುತ್ತೀರಿ?

ಗೇಟಿನ ಜಗಳ ನಿಂತುಹೋಯಿತು. ಶರಣಮ್ಮ ಶೇಖಮ್ಮನನ್ನು ಕಂಡರೆ ತಲೆ ಒಂದು ಬದಿಗೆ ವಾಲಿಸಿ, ಹೇಗಿದ್ದೀ ಎಂದು ಮೆತ್ತಗೆ ಕೇಳುವಳು. ಶೇಖಮ್ಮ ಉಳಿದ ಅನ್ನವನ್ನು ನೋಡುತ್ತಾ ನಿಲ್ಲುವಳು. ಇಸ್ತ್ರಿ ಇನ್ನೂ ಗಡುಸಾಯಿತು, ತಲೆಗೆ ಬಿಳಿ ಟೋಪಿ, ಮುಂದೆ ಬಿಳಿ ಏಪ್ರನ್ನು. ಯಾವುದೂ ನಾಟಲಿಲ್ಲ. ಎಲ್ಲರ ಕಣ್ಣಲ್ಲಿ ಆ ಬೆನ್ನು ಕುಳಿತಿತ್ತು. ಆಕೆ ನನ್ನನ್ನು ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ತಡೆಯಲಾರದ ಸಂಕಟವಾಯಿತು.

ಫೆಬ್ರವರಿಯಲ್ಲಿ ಶಾಲಾ ಸಮಿತಿ ಸಭೆ ಸೇರಿತು. ಇಷ್ಟು ಕಷ್ಟಪಟ್ಟ ಜೀವ ಇನ್ನೂ ಹೊಗೆಯಲ್ಲಿ ಬೇಯುವುದು ಬೇಡ, ಶೇಖಮ್ಮನಿಗೆ ಅದ್ದೂರಿ ಸನ್ಮಾನ ಮಾಡಿ ವಿಶ್ರಾಂತಿ ಕೊಡೋಣ, ಅಡುಗೆಗೆ ಬೇರೆಯವರನ್ನು ನೋಡೋಣ ಎಂದು ಶರಣಮ್ಮ ಸೂಚಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜ್ಞಾನಿಗಳು ಸಮಿತಿಯ ತುಂಬ ಇದ್ದರು, ನಾನೂ ಅವರಲ್ಲೊಬ್ಬ. ಎದ್ದು ನಿಂತು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಸನ್ಮಾನ ಪತ್ರ ಬರೆಯುವ ಕೆಲಸ ಒಪ್ಪಿಕೊಂಡೆ. 'ಅನ್ನಪೂರ್ಣೆಯೇ' ಎಂದು ಶುರು ಮಾಡಿದೆ. ಸೌಟು ಕಿತ್ತುಕೊಳ್ಳುವವರು ಮೊದಲು ಅನ್ನಪೂರ್ಣೆ ಎಂದೇ ಕರೆಯುತ್ತಾರೆ.

ವಿಷಯ ತಿಳಿಸಿದಾಗ ಶೇಖಮ್ಮ ಕೇಳಿದ್ದು ಒಂದೇ. ಆ ದಿನದ ಅಡುಗೆ ಯಾರು ಮಾಡುವುದು? ಆ ಒಂದು ದಿನ ನೀವೇ ಮಾಡಿ ಎಂದೆ. ಆಯಿತು ಎಂದಳು.

ಸನ್ಮಾನ ಬುಧವಾರ ಹನ್ನೊಂದು ಗಂಟೆಗೆ. ಮುಖ್ಯ ಅತಿಥಿ ನಿರ್ದೇಶಕರು ಬಂದದ್ದು ಹನ್ನೆರಡೂವರೆಗೆ. ಮಕ್ಕಳೆಲ್ಲ ಅಂಗಳದಲ್ಲಿ ನೆಲದ ಮೇಲೆ, ನಾವೆಲ್ಲ ವೇದಿಕೆಯ ಮೇಲೆ ಪೆಂಡಾಲಿನ ನೆರಳಿನಲ್ಲಿ. ಶೇಖಮ್ಮ ಬೆಳಿಗ್ಗೆ ಎಂಟಕ್ಕೇ ಬಂದು ಅನ್ನ, ಸಾರು ಮಾಡಿಟ್ಟು, ಕೈ ತೊಳೆದು, ಇಸ್ತ್ರಿ ಸೀರೆಯಲ್ಲಿ ನಡುವಿನ ಕುರ್ಚಿಯಲ್ಲಿ ಕುಳಿತಿದ್ದಳು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ ನಿರ್ದೇಶಕರು ಹಸಿವಿನ ಬಗ್ಗೆ ಮಾತಾಡಲು ಎದ್ದರು. ಚೆನ್ನಾಗಿಯೇ ಮಾತಾಡಿದರು. ಹಸಿವು ಒಂದು ರಾಜಕೀಯ ಎಂದರು, ಹಸಿವು ಒಂದು ಭಾಷೆ ಎಂದರು. ಒಂದು ಗಂಟೆಯಾಯಿತು, ಒಂದೂಕಾಲಾಯಿತು. ಊಟದ ಹೊತ್ತು ದಾಟುತ್ತಿತ್ತು. ಒಂದನೆಯ ತರಗತಿಯ ಮಗು ಅಳತೊಡಗಿತು. ಮಗುವನ್ನು ಸುಮ್ಮನಿರಿಸಿ ಎಂದು ಶರಣಮ್ಮ ಸನ್ನೆ ಮಾಡಿದಳು, ಯಾಕೆಂದರೆ ಹಸಿವಿನ ಭಾಷಣ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಶೇಖಮ್ಮ ಎದ್ದಳು. ಯಾರಿಗೂ ಏನೂ ಹೇಳದೆ ಮೆಟ್ಟಿಲಿಳಿದು ಅಡುಗೆ ಕೋಣೆಗೆ ನಡೆದಳು. ಹಾರ ತೆಗೆದು ಗೂಟಕ್ಕೆ ಹಾಕಿದಳು. ಸನ್ಮಾನದ ಶಾಲನ್ನು ನಾಲ್ಕು ಮಡಿಕೆ ಮಾಡಿ, ಬಿಸಿ ಪಾತ್ರೆಯ ಕಿವಿ ಹಿಡಿದು, ಬಾಲಮ್ಮನ ಜೊತೆ ಸಾರಿನ ಹಂಡೆಯನ್ನು ಹೊರಗೆ ತಂದಿಟ್ಟಳು. ಮಕ್ಕಳನ್ನು ಕರೆಯಲಿಲ್ಲ. ಮುಚ್ಚಳ ತೆಗೆದಳು, ಅಷ್ಟೇ. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಅಂಗಳ ತುಂಬಿತು.

ಮೊದಲು ಎದ್ದವಳು ಭಾಗ್ಯಜ್ಯೋತಿ. ಮನೆಯ ಡಬ್ಬಿಯನ್ನು ಕುಳಿತಲ್ಲೇ ಬಿಟ್ಟು ತಾಟು ಹಿಡಿದು ಓಡಿದಳು. ಅವಳ ಹಿಂದೆ ಅಂಗಳವೇ ಎದ್ದಿತು. ನಿರ್ದೇಶಕರ ಮುಂದೆ ಉಳಿದದ್ದು ಖಾಲಿ ಜಮಖಾನೆ, ನಲವತ್ತು ಡಬ್ಬಿ. ಶರಣಮ್ಮ ಮಗಳನ್ನು ಹಿಡಿಯಲು ಇಳಿದು ಹೋದಳು. ಹಂಡೆಯ ಹತ್ತಿರ ಇಬ್ಬರೂ ಎದುರುಬದುರಾದರು. ನಿನಗೆ ತ್ರಾಸಾಗಬಾರದೆಂದೇ ಇಷ್ಟೆಲ್ಲ ಮಾಡಿದ್ದು ಎಂದು ಶರಣಮ್ಮ ಮೆತ್ತಗೆ ಶುರು ಮಾಡಿದಳು. ನಾನೂ ಇಳಿದು ಹತ್ತಿರ ಹೋಗಿದ್ದೆ, ಆದ್ದರಿಂದ ಪ್ರತಿ ಮಾತೂ ಕೇಳಿಸಿತು.

"ಕನಿಕರ ಬ್ಯಾಡ್ರಿ ಶರಣಮ್ಮಾರ," ಎಂದಳು ಶೇಖಮ್ಮ. ಬಡಿಸುವ ಕೈ ನಿಲ್ಲಲಿಲ್ಲ. "ಹನ್ನೆರಡು ವರ್ಷ ನನ್ನ ಕೂಡ ಜಗಳಾಡೀರಿ. ಉಪ್ಪು ಕಮ್ಮಿ ಅಂದ್ರಿ, ಖಾರ ಹೆಚ್ಚು ಅಂದ್ರಿ. ಆದ್ರ ಮಕ್ಕಳು ನನ್ನ ಕೈಯಾಗ ಉಂಡ್ವು. ಸಿನಿಮಾ ನೋಡಿ ಬಂದು ಪಾಪ ಅಂದ್ರಿ, ಮಕ್ಕಳ ತಾಟು ಕಸ್ಕೊಂಡ್ರಿ. ನನಗ ಆ ಜಗಳನ ಇರ್ಲಿ."

ಶೇಖಮ್ಮ ಒಂದು ತಾಟಿಗೆ ಅನ್ನ ಹಾಕಿ, ಸಾರು ಬಿಟ್ಟು, ಆಕೆಯ ಮುಂದೆ ಹಿಡಿದಳು. ಊರೆಲ್ಲ ನೋಡುತ್ತಿತ್ತು. ನನಗಿಂದು ಸೋಮವಾರದ ಉಪವಾಸ ಎಂದಳು ಶರಣಮ್ಮ.

"ಅವ್ವಾ, ಇವತ್ತ ಬುಧವಾರ," ಎಂದಳು ಭಾಗ್ಯಜ್ಯೋತಿ, ಬಾಯಿತುಂಬ ಅನ್ನ ಇಟ್ಟುಕೊಂಡೇ.

ಶೇಖಮ್ಮ ಒತ್ತಾಯ ಮಾಡಲಿಲ್ಲ. ಅಷ್ಟರಲ್ಲಿ ನಿರ್ದೇಶಕರು ಮೊಬೈಲು ಹಿಡಿದು ಈ ಎಲ್ಲವನ್ನೂ ಚಿತ್ರ ಮಾಡಿಕೊಳ್ಳಲು ಓಡಿ ಬಂದರು. ಅದನ್ನು ಒಳಗಿಡು ಯಪ್ಪಾ, ತಾಟು ತಗೊಂಡು ಸಾಲಿನಲ್ಲಿ ನಿಲ್ಲು ಎಂದು ಶೇಖಮ್ಮ ಆ ತಾಟನ್ನು ಅವರ ಕೈಗೇ ಕೊಟ್ಟಳು. ಪಾಪ, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವೋ ಏನೋ, ಎರಡು ಸಲ ಹಾಕಿಸಿಕೊಂಡು ಉಂಡರು. ಉಂಡು ಕೈ ತೊಳೆಯುವಾಗ ನನ್ನನ್ನು ಪಕ್ಕಕ್ಕೆ ಕರೆದರು. ಈ ದೃಶ್ಯ ಅದ್ಭುತ ಸರ್, ನಾಳೆ ಕ್ಯಾಮೆರಾ ತರಿಸಿದರೆ ಅಮ್ಮ ಇದನ್ನೇ ಇನ್ನೊಮ್ಮೆ ಮಾಡುತ್ತಾರಾ ಎಂದು ಕೇಳಿದರು. ಕೇಳಿ ನೋಡಿ, ಸೌಟು ಆಕೆಯ ಕೈಯಲ್ಲೇ ಇದೆ ಎಂದೆ. ಅವರು ಕೇಳಲಿಲ್ಲ.

ಸನ್ಮಾನ ಪತ್ರವನ್ನು ನಾನು ಓದಲಿಲ್ಲ. ಬದಲು ಏನಾದರೂ ಹೇಳಬೇಕಿತ್ತು, ಹದಿನಾಲ್ಕು ವರ್ಷದ ಹಿಂದೆ ಹೇಳಬೇಕಿದ್ದದ್ದನ್ನಾದರೂ. ಅದನ್ನೂ ಹೇಳಲಿಲ್ಲ. ಶೇಖಮ್ಮನ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಮೊದಲು ಉಣ್ಣಿರಿ ಎಂದಳು.

ಗುರುವಾರ ಶೇಖಮ್ಮ ಯಾರ ಅಪ್ಪಣೆಯನ್ನೂ ಕೇಳದೆ ಎಂದಿನಂತೆ ಬಂದು ಒಲೆ ಹೊತ್ತಿಸಿದಳು. ಹನ್ನೊಂದೂವರೆಗೆ ನಾನು ಕಚೇರಿಯಲ್ಲಿ ಹಾಜರಿ ಬರೆಯುತ್ತಿದ್ದೆ. ಗೇಟಿನ ಹತ್ತಿರ ದೊಡ್ಡ ದನಿ ಕೇಳಿಸಿತು. ಸಾರಿಗೆ ಅಷ್ಟು ಖಾರ ಹಾಕಿದರೆ ಹುಡುಗರು ಹೇಗೆ ಉಣ್ಣಬೇಕು, ನಮ್ಮ ಭಾಗ್ಯಜ್ಯೋತಿ ಸಂಜೆತನಕ ನೀರು ಕುಡಿದಿದ್ದಾಳೆ, ನಿನಗೇನು ಕೈ ಅಳತೆ ಇಲ್ಲವೇ ಎಂದು ಶರಣಮ್ಮ ಕೂಗಾಡುತ್ತಿದ್ದಳು. ಮೂರು ಸಲ ಹಾಕಿಸಿಕೊಂಡರೆ ಖಾರವಾಗದೆ ಏನಾಗುತ್ತದೆ, ಮನೆಯಲ್ಲಿ ಹೊಟ್ಟೆತುಂಬ ಉಣಿಸಿ ಕಳುಹಿಸಿರಿ ಎಂದು ಶೇಖಮ್ಮ ಒಳಗಿನಿಂದ ಅದಕ್ಕಿಂತ ಜೋರಾಗಿ ಉತ್ತರಿಸಿದಳು. ಕಾಲು ಗಂಟೆ ನಡೆಯಿತು. ಪಾಠಕ್ಕೆ ತೊಂದರೆಯಾಗುತ್ತದೆ, ಬಿಡಿಸಿರಿ ಎಂದು ಸಹಶಿಕ್ಷಕರು ಬಂದು ಹೇಳಿದರು. ನಾನು ಏಳಲಿಲ್ಲ.

ಆ ದಿನ ನೂರಾ ಮೂವತ್ತೆಂಟು ಮಕ್ಕಳು ಉಂಡರು. ಇಬ್ಬರಿಗೆ ಜ್ವರ ಬಂದಿತ್ತು.